ಲಿನಕ್ಸ್ ಡ್ರೈವರ್‌ಗೆ ಲಾಕ್ ಹಾಕುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಡ್ರೈವರ್ ಬರೆಯಲು ಕಲಿಯುತ್ತಿರುವವರು ತೋರಿಸುವ ಕೋಡ್‌ನಲ್ಲಿ ನನಗೆ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಒಂದು ಡೇಟಾವನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಕಾಯುವುದು ಲಾಕ್. ಇವರು ಮೊದಲು ಲಾಕ್ ಆರಿಸಿರುತ್ತಾರೆ. ಆಮೇಲೆ ಅದನ್ನು ಎಲ್ಲಿ ಹಾಕಬೇಕು ಅಂತ ಹುಡುಕಿರುತ್ತಾರೆ. "ಸ್ಪಿನ್‌ಲಾಕ್ ಹಾಕಿದೀನಿ ಸರ್, ಆದರೂ ಎರಡು ಮೂರು ದಿನಕ್ಕೊಮ್ಮೆ ಹ್ಯಾಂಗ್ ಆಗ್ತಿದೆ" ಅನ್ನುತ್ತಾರೆ. ಈ ಲಾಕ್ ಯಾವ ಡೇಟಾವನ್ನು ಕಾಯುತ್ತಿದೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಹಾಗಾಗಿ ಈ ಬರಹದಲ್ಲಿ ಕ್ರಮ ಮುಖ್ಯ. ಲಾಕ್ ಆರಿಸುವುದು ನಾಲ್ಕನೇ ಹಂತದಲ್ಲಿ ಬರುತ್ತದೆ. ದಯವಿಟ್ಟು ಅಲ್ಲಿಗೆ ನೇರವಾಗಿ ಹಾರಬೇಡಿ. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಉಚ್ಚಾರ ನೋಡಿದರೆ ಕೋಡ್‌ನಲ್ಲಿ ಯಾವುದು ಅಂತ ಗೊತ್ತಾಗುತ್ತದೆ.

ಉದಾಹರಣೆಗೆ ಒಂದು ಸಣ್ಣ ಡ್ರೈವರ್ ಇಟ್ಟುಕೊಳ್ಳೋಣ. ಒಂದು ಸೆನ್ಸರ್ ಬೋರ್ಡ್ ಇದೆ. ಬೈಟ್ ಬಂದಾಗಲೆಲ್ಲ ಇಂಟರಪ್ಟ್ (ಸಿಪಿಯು ಕೆಲಸವನ್ನು ನಡುವೆ ನಿಲ್ಲಿಸಿ ಕರೆಯುವ ಸೂಚನೆ) ಕೊಡುತ್ತದೆ. ಇಂಟರಪ್ಟ್ ಹ್ಯಾಂಡ್ಲರ್ ಆ ಬೈಟನ್ನು 4096 ಬೈಟ್‌ಗಳ ರಿಂಗ್ ಬಫರ್‌ಗೆ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ ತುಂಬುವ ಜಾಗ) ಹಾಕುತ್ತದೆ. ಬಫರ್ ತುಂಬಿದ್ದರೆ ಹೊಸ ಬೈಟನ್ನು ಬಿಟ್ಟು, ಬಿಟ್ಟ ಲೆಕ್ಕವನ್ನು ಒಂದು ಏರಿಸುತ್ತದೆ. ಬಳಕೆದಾರರ ಪ್ರೋಗ್ರಾಂ ರೀಡ್ ಮಾಡಿ ಡೇಟಾ ತೆಗೆಯುತ್ತದೆ. ಐಆಕ್ಟಲ್ (ಡ್ರೈವರ್‌ಗೆ ಆದೇಶ ಕೊಡುವ ಸಿಸ್ಟಂ ಕಾಲ್) ಮೂಲಕ ಸ್ಯಾಂಪಲ್ ವೇಗ ಬದಲಿಸಬಹುದು. ಸೆಕೆಂಡಿಗೊಮ್ಮೆ ಒಂದು ಟೈಮರ್ ಎದ್ದು ಬೋರ್ಡ್ ಸುಮ್ಮನಾಗಿದೆಯಾ ಅಂತ ನೋಡುತ್ತದೆ. ಸುಮ್ಮನಾಗಿದ್ದರೆ ವರ್ಕ್‌ಕ್ಯೂಗೆ (ಕೆಲಸವನ್ನು ನಂತರ ಕರ್ನಲ್ ಥ್ರೆಡ್‌ನಲ್ಲಿ ಓಡಿಸುವ ಸಾಲು) ರೀಸೆಟ್ ಕೆಲಸ ಒಪ್ಪಿಸುತ್ತದೆ.

## ಶುರುವಿಗೆ ಮುಂಚೆ ಬೇಕಾದವು

ಒಂದು ವರ್ಚುವಲ್ ಮಷೀನ್ ಬೇಕು, ಕ್ಯೂಇಎಂಯು ಸಾಕು. ಅದಕ್ಕೆ ಕನಿಷ್ಠ 4 ಸಿಪಿಯು ಕೊಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಒಂದೇ ಸಿಪಿಯುಗಾಗಿ ಕಟ್ಟಿದ, ಪ್ರಿಎಂಪ್ಶನ್ (ಓಡುತ್ತಿರುವ ಕರ್ನಲ್ ಕೋಡನ್ನು ನಡುವೆ ತಡೆದು ಬೇರೆಯದಕ್ಕೆ ಸಿಪಿಯು ಕೊಡುವುದು) ಇಲ್ಲದ ಕರ್ನಲ್‌ನಲ್ಲಿ ಸ್ಪಿನ್_ಲಾಕ್ ಅನ್ನುವುದು ಕಂಪೈಲ್ ಆದ ಮೇಲೆ ಉಳಿಯುವುದೇ ಇಲ್ಲ. ಅಲ್ಲಿ ನಿಮ್ಮ ತಪ್ಪು ಕಾಣುವುದಿಲ್ಲ.

ನೀವೇ ಬಿಲ್ಡ್ ಮಾಡಿದ ಕರ್ನಲ್ ಬೇಕು. ಜೊತೆಗೆ ಸೀರಿಯಲ್ ಕನ್ಸೋಲ್ ಲಾಗ್ ಒಂದು ಫೈಲ್‌ಗೆ ಹೋಗುವಂತಿರಬೇಕು. ಮಷೀನ್ ಹ್ಯಾಂಗ್ ಆದಾಗ ಡಿಮೆಸೇಜ್ (ಕರ್ನಲ್‌ನ ಸಂದೇಶಗಳ ಲಾಗ್) ಓದಲು ಆಗುವುದಿಲ್ಲ. ಆಗ ಕೈಯಲ್ಲಿ ಉಳಿಯುವುದು ಆ ಫೈಲ್ ಮಾತ್ರ.

ಇನ್ನೊಂದು, ಕಾಗದ ಮತ್ತು ಪೆನ್ನು. ಎರಡನೇ ಹಂತಕ್ಕೆ ಬೇಕು.

## ಹಂತ 1: ತಪ್ಪು ಹಿಡಿಯುವ ಕರ್ನಲ್ ಕಟ್ಟಿಕೊಳ್ಳಿ

ಕರ್ನಲ್ ಕಾನ್ಫಿಗ್‌ನಲ್ಲಿ ಈ ಆಯ್ಕೆಗಳನ್ನು ಆನ್ ಮಾಡಿ:

1. ಪ್ರೂವ್_ಲಾಕಿಂಗ್. ಇದು ಲಾಕ್‌ಡೆಪ್ ಅನ್ನುವ ಪರೀಕ್ಷಕನನ್ನು ಎಬ್ಬಿಸುತ್ತದೆ.
2. ಡೀಬಗ್_ಅಟಾಮಿಕ್_ಸ್ಲೀಪ್. ನಿದ್ದೆ (ಸಿಪಿಯು ಬಿಟ್ಟುಕೊಟ್ಟು ಕಾಯುವುದು) ಮಾಡಬಾರದ ಜಾಗದಲ್ಲಿ ನಿದ್ದೆ ಮಾಡಬಲ್ಲ ಫಂಕ್ಷನ್ ಕರೆದರೆ ಹಿಡಿಯುತ್ತದೆ.
3. ಡೀಬಗ್_ಸ್ಪಿನ್‌ಲಾಕ್ ಮತ್ತು ಡೀಬಗ್_ಮ್ಯೂಟೆಕ್ಸಸ್. ಇನಿಶಿಯಲೈಸ್ ಮಾಡದ ಲಾಕ್ ಬಳಸಿದರೆ, ಹಿಡಿಯದವನು ಬಿಡಲು ಹೋದರೆ ಹೇಳುತ್ತವೆ.
4. ಕೆಸಿಸ್ಯಾನ್. ಲಾಕ್ ಇಲ್ಲದೆ ಇಬ್ಬರು ಒಂದೇ ಡೇಟಾ ಮುಟ್ಟುವುದನ್ನು ಹುಡುಕುತ್ತದೆ. ಕರ್ನಲ್ 5.8ರಿಂದ ಇದೆ. ಜಿಸಿಸಿ ಅಥವಾ ಕ್ಲ್ಯಾಂಗ್ 11 ಅಥವಾ ಅದಕ್ಕಿಂತ ಹೊಸದು ಬೇಕು. ಇದನ್ನು ಬೇರೆಯೇ ಬಿಲ್ಡ್ ಆಗಿ ಇಟ್ಟುಕೊಂಡರೆ ಅನುಕೂಲ.

ಲಾಕ್‌ಡೆಪ್ ಬಗ್ಗೆ ಒಂದು ಮಾತು ಗೊತ್ತಿರಲಿ. ಅದು ಡೆಡ್‌ಲಾಕ್ (ಒಬ್ಬರಿಗಾಗಿ ಒಬ್ಬರು ಕಾಯುತ್ತಾ ನಿಂತುಬಿಡುವುದು) ಆಗುವವರೆಗೆ ಕಾಯುವುದಿಲ್ಲ. ಯಾವ ಲಾಕ್ ಹಿಡಿದುಕೊಂಡು ಯಾವುದನ್ನು ಹಿಡಿದಿರಿ, ಯಾವ ಕಾಂಟೆಕ್ಸ್ಟ್‌ನಲ್ಲಿ (ಕೋಡ್ ಓಡುವ ಜಾಗ, ಮೂರನೇ ಹಂತದಲ್ಲಿ ಬರುತ್ತದೆ) ಹಿಡಿದಿರಿ ಅಂತ ಬರೆದಿಟ್ಟುಕೊಳ್ಳುತ್ತದೆ. ಬೆಳಗ್ಗೆ ಒಂದು ಕ್ರಮ, ಸಂಜೆ ಅದರ ಉಲ್ಟಾ ಕ್ರಮ ಕಂಡರೆ ಸಾಕು, ಆಗಲೇ ದೂರು ಕೊಡುತ್ತದೆ. ಆದರೆ ಒಂದು ದೂರು ಕೊಟ್ಟ ಮೇಲೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಆದ್ದರಿಂದ ಬೂಟ್ ಆದ ಮೇಲೆ ಬರುವ ಮೊದಲ ದೂರನ್ನು ಮೊದಲು ಸರಿ ಮಾಡಿ, ಮತ್ತೆ ಬೂಟ್ ಮಾಡಿ. "ಒಂದೇ ವಾರ್ನಿಂಗ್ ಬಂದಿತ್ತು, ಆಮೇಲೆ ಏನೂ ಬರಲಿಲ್ಲ" ಅಂತ ನೆಮ್ಮದಿಯಾಗಬೇಡಿ. ಆಮೇಲೆ ನೋಡುವವರೇ ಇರಲಿಲ್ಲ.

ಈ ಕರ್ನಲ್ ನಿಧಾನವಾಗಿರುತ್ತದೆ. ವೇಗ ಅಳೆಯಲು ಇದನ್ನು ಬಳಸಬೇಡಿ.

## ಹಂತ 2: ಯಾವ ಡೇಟಾವನ್ನು ಯಾರು ಮುಟ್ಟುತ್ತಾರೆ, ಬರೆಯಿರಿ

ಡ್ರೈವರ್‌ನ ಸ್ಟ್ರಕ್ಟ್ ತೆರೆಯಿರಿ. ಒಂದೊಂದು ಫೀಲ್ಡ್‌ಗೂ ಒಂದೊಂದು ಸಾಲು ಬರೆಯಿರಿ. ಯಾರು ಓದುತ್ತಾರೆ, ಯಾರು ಬರೆಯುತ್ತಾರೆ, ಅಷ್ಟೇ. ನಮ್ಮ ಡ್ರೈವರ್‌ಗೆ ಹೀಗಾಗುತ್ತದೆ:

- ರಿಂಗ್ ಬಫರ್, ಹೆಡ್ (ಮುಂದೆ ಬರೆಯುವ ಜಾಗ), ಟೇಲ್ (ಮುಂದೆ ಓದುವ ಜಾಗ): ಇಂಟರಪ್ಟ್ ಹ್ಯಾಂಡ್ಲರ್ ಬರೆಯುತ್ತದೆ. ರೀಡ್ ಓದುತ್ತದೆ, ಟೇಲ್ ಬದಲಿಸುತ್ತದೆ. ರೀಸೆಟ್ ವರ್ಕ್ ಎಲ್ಲವನ್ನೂ ಸೊನ್ನೆ ಮಾಡುತ್ತದೆ.
- ಕೊನೆಯ ಬೈಟ್ ಬಂದ ಸಮಯ: ಹ್ಯಾಂಡ್ಲರ್ ಬರೆಯುತ್ತದೆ, ಟೈಮರ್ ಓದುತ್ತದೆ.
- ಸ್ಯಾಂಪಲ್ ವೇಗ: ಐಆಕ್ಟಲ್ ಬರೆಯುತ್ತದೆ, ರೀಸೆಟ್ ವರ್ಕ್ ಓದುತ್ತದೆ.
- ಬಿಟ್ಟ ಬೈಟ್‌ಗಳ ಲೆಕ್ಕ: ಹ್ಯಾಂಡ್ಲರ್ ಏರಿಸುತ್ತದೆ, ಸಿಸ್‌ಎಫ್‌ಎಸ್ (ಡ್ರೈವರ್‌ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ವ್ಯವಸ್ಥೆ) ಫೈಲ್ ಓದುತ್ತದೆ.
- ಬೋರ್ಡ್‌ನ ರಿಜಿಸ್ಟರ್‌ಗಳ ವಿಳಾಸ: ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಓಡುವ ಫಂಕ್ಷನ್) ಒಮ್ಮೆ ಬರೆದದ್ದು. ಆಮೇಲೆ ಎಲ್ಲರೂ ಬರೀ ಓದುತ್ತಾರೆ.

ಕೊನೆಯ ಸಾಲಿಗೆ ಲಾಕ್ ಬೇಡ. ಒಮ್ಮೆ ಬರೆದು, ಬೇರೆಯವರಿಗೆ ಕಾಣುವ ಮುನ್ನವೇ ಮುಗಿದ ಡೇಟಾಗೆ ಕಾವಲು ಬೇಕಿಲ್ಲ. ಇಂಥ ಸಾಲುಗಳು ನಿಮ್ಮ ಪಟ್ಟಿಯಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು.

"ಬರೀ ಒಂದು ಕೌಂಟರ್ ತಾನೇ, ಅದಕ್ಕೇನು ಲಾಕ್" ಅಂತ ಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಒಂದು ಏರಿಸುವುದು ಸಿಪಿಯುಗೆ ಮೂರು ಕೆಲಸ: ಮೆಮೊರಿಯಿಂದ ತರುವುದು, ಕೂಡಿಸುವುದು, ವಾಪಸ್ ಇಡುವುದು. ಎರಡು ಸಿಪಿಯು ಒಟ್ಟಿಗೆ 5 ಅನ್ನು ತಂದರೆ, ಇಬ್ಬರೂ 6 ಅಂತ ಇಡುತ್ತಾರೆ. 7 ಆಗಬೇಕಿತ್ತು. ವೊಲಟೈಲ್ ಅಂತ ಬರೆದರೂ ಇದು ಸರಿಹೋಗುವುದಿಲ್ಲ. ಆ ಪದ ಕಂಪೈಲರ್‌ಗೆ ಮಾತ್ರ ಹೇಳುತ್ತದೆ, ಪಕ್ಕದ ಸಿಪಿಯುವನ್ನು ತಡೆಯುವುದಿಲ್ಲ.

## ಹಂತ 3: ಪ್ರತಿ ಹೆಸರಿನ ಮುಂದೆ ಕಾಂಟೆಕ್ಸ್ಟ್ ಬರೆಯಿರಿ

ಇಡೀ ಕೆಲಸದ ತಿರುಳು ಈ ಹಂತ. ಪಟ್ಟಿಯಲ್ಲಿ ಬಂದ ಪ್ರತಿ ಫಂಕ್ಷನ್ ಎಲ್ಲಿ ಓಡುತ್ತದೆ ಅಂತ ಗುರುತು ಮಾಡಿ. ಮೂರು ಜಾಗಗಳಿವೆ.

ಪ್ರೊಸೆಸ್ ಕಾಂಟೆಕ್ಸ್ಟ್. ರೀಡ್, ರೈಟ್, ಐಆಕ್ಟಲ್, ಸಿಸ್‌ಎಫ್‌ಎಸ್, ಪ್ರೋಬ್, ರಿಮೂವ್, ವರ್ಕ್‌ಕ್ಯೂ, ಕರ್ನಲ್ ಥ್ರೆಡ್ ಎಲ್ಲ ಇಲ್ಲಿ. ಇಲ್ಲಿ ನಿದ್ದೆ ಮಾಡಬಹುದು. ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯಬಹುದು.

ಸಾಫ್ಟ್‌ಐಆರ್‌ಕ್ಯೂ. ಇಂಟರಪ್ಟ್‌ನ ನಂತರ ಉಳಿದ ಕೆಲಸ ಮಾಡುವ ಜಾಗ. ಮಾಮೂಲಿ ಟೈಮರ್‌ನ ಕಾಲ್‌ಬ್ಯಾಕ್, ಟಾಸ್ಕ್‌ಲೆಟ್, ನೆಟ್‌ವರ್ಕ್ ಡ್ರೈವರ್‌ನ ಪೋಲ್ ಫಂಕ್ಷನ್ ಇಲ್ಲಿ ಓಡುತ್ತವೆ. ನಿದ್ದೆ ಮಾಡುವಂತಿಲ್ಲ.

ಹಾರ್ಡ್‌ಐಆರ್‌ಕ್ಯೂ. ರಿಕ್ವೆಸ್ಟ್_ಐಆರ್‌ಕ್ಯೂ ಮೂಲಕ ನೋಂದಾಯಿಸಿದ ಹ್ಯಾಂಡ್ಲರ್ ಇಲ್ಲಿ. ಇದು ಪ್ರೊಸೆಸ್ಸನ್ನೂ ಸಾಫ್ಟ್‌ಐಆರ್‌ಕ್ಯೂವನ್ನೂ ಮಧ್ಯದಲ್ಲಿ ತಡೆದು ನುಗ್ಗಬಲ್ಲದು. ಇಲ್ಲೂ ನಿದ್ದೆ ಇಲ್ಲ.

ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂ ಬಳಸಿದರೆ ಹ್ಯಾಂಡ್ಲರ್‌ನ ಎರಡನೇ ಭಾಗ ಒಂದು ಕರ್ನಲ್ ಥ್ರೆಡ್‌ನಲ್ಲಿ ಓಡುತ್ತದೆ. ಅದು ಪ್ರೊಸೆಸ್ ಕಾಂಟೆಕ್ಸ್ಟ್. ಅಲ್ಲಿ ಮ್ಯೂಟೆಕ್ಸ್ ಹಿಡಿಯಬಹುದು. ಐ2ಸಿ ಮೂಲಕ ಮಾತಾಡುವ ಸೆನ್ಸರ್‌ಗಳಿಗೆ ಇದೇ ದಾರಿ, ಏಕೆಂದರೆ ಆ ಬಸ್‌ನಲ್ಲಿ ಒಂದು ರಿಜಿಸ್ಟರ್ ಓದಲೂ ನಿದ್ದೆ ಬೇಕಾಗುತ್ತದೆ.

ಈ ಹಂತದಲ್ಲಿ ಊಹೆ ಮಾಡಬೇಡಿ. ಅನುಮಾನವಿದ್ದರೆ ಆ ಫಂಕ್ಷನ್‌ನಲ್ಲಿ ಡಂಪ್_ಸ್ಟಾಕ್ ಹಾಕಿ ಒಮ್ಮೆ ಓಡಿಸಿ. ಯಾರು ಕರೆದರು ಅಂತ ಸ್ಟಾಕೇ ಹೇಳುತ್ತದೆ.

## ಹಂತ 4: ಈಗ ಲಾಕ್ ಆರಿಸಿ

ಪಟ್ಟಿಯಲ್ಲಿ ಒಂದು ಡೇಟಾವನ್ನು ಮುಟ್ಟುವವರೆಲ್ಲ ಪ್ರೊಸೆಸ್ ಕಾಂಟೆಕ್ಸ್ಟ್‌ನವರೇ ಆಗಿದ್ದರೆ ಮ್ಯೂಟೆಕ್ಸ್. ಒಬ್ಬರಾದರೂ ನಿದ್ದೆ ಮಾಡಬಾರದ ಜಾಗದವರಿದ್ದರೆ ಸ್ಪಿನ್‌ಲಾಕ್. ಮುಕ್ಕಾಲು ಪಾಲು ತೀರ್ಮಾನಗಳು ಇಷ್ಟರಲ್ಲೇ ಮುಗಿಯುತ್ತವೆ.

ಮ್ಯೂಟೆಕ್ಸ್ ಸಿಗದಿದ್ದರೆ ಕಾಯುವವನು ಮಲಗಬಹುದು, ಸಿಪಿಯು ಬೇರೆಯವರಿಗೆ ಸಿಗುತ್ತದೆ. ಸ್ಪಿನ್‌ಲಾಕ್ ಸಿಗದಿದ್ದರೆ ಕಾಯುವವನು ಬಾಗಿಲ ಮುಂದೆ ನಿಂತು ಬಿಡದೆ ತಟ್ಟುತ್ತಿರುತ್ತಾನೆ. ಆದ್ದರಿಂದ ಸ್ಪಿನ್‌ಲಾಕ್ ಒಳಗಿನ ಕೆಲಸ ಬಹಳ ಚಿಕ್ಕದಿರಬೇಕು.

ನಮ್ಮ ಡ್ರೈವರ್‌ನಲ್ಲಿ ಸ್ಯಾಂಪಲ್ ವೇಗಕ್ಕೆ ಮ್ಯೂಟೆಕ್ಸ್, ರಿಂಗ್ ಬಫರ್‌ಗೆ ಸ್ಪಿನ್‌ಲಾಕ್. ಬಿಟ್ಟ ಬೈಟ್‌ಗಳ ಲೆಕ್ಕಕ್ಕೆ ಅಟಾಮಿಕ್64_ಟಿ (ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ ಏರುವ ಎಣಿಕೆ) ಸಾಕು. ಕೊನೆಯ ಬೈಟ್‌ನ ಸಮಯವನ್ನು ಜಿಫೀಸ್ (ಕರ್ನಲ್‌ನ ಟಿಕ್ ಎಣಿಕೆ) ಲೆಕ್ಕದಲ್ಲಿ ಒಂದು ಅನ್‌ಸೈನ್ಡ್ ಲಾಂಗ್ ಆಗಿ ಇಟ್ಟರೆ ರೈಟ್_ಒನ್ಸ್, ರೀಡ್_ಒನ್ಸ್ (ಮೌಲ್ಯವನ್ನು ಒಂದೇ ಸಲಕ್ಕೆ ಬರೆಯುವ, ಓದುವ ಮ್ಯಾಕ್ರೊಗಳು) ಸಾಕು. ಒಬ್ಬನೇ ಬರೆಯುತ್ತಾನೆ, ಒಂದೇ ಮೌಲ್ಯ, ಸ್ವಲ್ಪ ಹಳೆಯದು ಸಿಕ್ಕರೂ ತೊಂದರೆ ಇಲ್ಲ.

ಸುಮ್ನೆ ಒಂದು ಘಟನೆ ಆಗಲಿ ಅಂತ ಕಾಯುವುದಕ್ಕೆ ಲಾಕ್ ಬಳಸಬೇಡಿ. ಒಬ್ಬ ಮ್ಯೂಟೆಕ್ಸ್ ಹಿಡಿದು ಇನ್ನೊಬ್ಬ ಬಿಡುವುದು ತಪ್ಪು. ಹಿಡಿದವನೇ ಬಿಡಬೇಕು ಅನ್ನುವುದು ಮ್ಯೂಟೆಕ್ಸ್‌ನ ನಿಯಮ. ಕಾಯುವುದಕ್ಕೆ ಕಂಪ್ಲೀಶನ್ ಇದೆ.

ಉಳಿದವುಗಳ ಬಗ್ಗೆ ಚಿಕ್ಕದಾಗಿ. ರೀಡರ್-ರೈಟರ್ ಸ್ಪಿನ್‌ಲಾಕ್ ಮೇಲುನೋಟಕ್ಕೆ ಚೆನ್ನಾಗಿ ಕಾಣುತ್ತದೆ. ಚಿಕ್ಕ ಕೆಲಸಗಳಿಗೆ ಅದರಿಂದ ಲಾಭ ಬಹಳ ಕಡಿಮೆ, ಹೊಸ ಕೋಡ್‌ಗೆ ನಾನು ಸೂಚಿಸುವುದಿಲ್ಲ. ಸೀಕ್ವೆನ್ಸ್ ಲಾಕ್ (ನಡುವೆ ಯಾರಾದರೂ ಬರೆದಿದ್ದರೆ ಓದುಗ ಮತ್ತೆ ಓದುವ ಬಗೆ) ಚಿಕ್ಕ ಡೇಟಾ, ತುಂಬ ಓದುಗರು, ಅಪರೂಪಕ್ಕೆ ಬರೆಯುವವರು ಇದ್ದಾಗ ಒಳ್ಳೆಯದು. ಕರ್ನಲ್‌ನ ಗಡಿಯಾರದ ಕೋಡ್ ಇದನ್ನೇ ಬಳಸುತ್ತದೆ. ಆದರೆ ಪಾಯಿಂಟರ್‌ಗಳನ್ನು ಅದರಿಂದ ಕಾಯಬೇಡಿ. ಓದುಗ ಹಳೆಯ ಪಾಯಿಂಟರ್ ಹಿಡಿದು ಹೋಗುವಷ್ಟರಲ್ಲಿ ಆ ಮೆಮೊರಿ ಫ್ರೀ ಆಗಿರಬಹುದು. ಆರ್‌ಸಿಯು ಬಗ್ಗೆ ಕೊನೆಗೆ ಹೇಳುತ್ತೇನೆ.

## ಹಂತ 5: ಸ್ಪಿನ್‌ಲಾಕ್‌ನ ಸರಿಯಾದ ರೂಪ ಬಳಸಿ

ಅತಿ ಹೆಚ್ಚು ಜನ ಬೀಳುವ ಗುಂಡಿ ಇದು. ನಿಧಾನವಾಗಿ ಓದಿ.

ರೀಡ್ ಫಂಕ್ಷನ್ ಬರೀ ಸ್ಪಿನ್_ಲಾಕ್ ಅಂತ ಹಿಡಿದಿದೆ ಅಂದುಕೊಳ್ಳಿ. ಅದು 2ನೇ ಸಿಪಿಯು ಮೇಲೆ ಓಡುತ್ತಿದೆ. ಆಗ ಅದೇ ಸಿಪಿಯುಗೆ ಸೆನ್ಸರ್‌ನ ಇಂಟರಪ್ಟ್ ಬರುತ್ತದೆ. ರೀಡ್ ಅಲ್ಲೇ ನಿಂತಿತು, ಹ್ಯಾಂಡ್ಲರ್ ಶುರುವಾಯಿತು. ಹ್ಯಾಂಡ್ಲರ್‌ಗೂ ಅದೇ ಲಾಕ್ ಬೇಕು. ಅದು ತಿರುಗುತ್ತಾ ಕಾಯುತ್ತದೆ. ಲಾಕ್ ಬಿಡಬೇಕಾದ ರೀಡ್ ಮುಂದುವರಿಯಬೇಕಾದರೆ ಹ್ಯಾಂಡ್ಲರ್ ಮುಗಿಯಬೇಕು. ಹ್ಯಾಂಡ್ಲರ್ ಮುಗಿಯಬೇಕಾದರೆ ರೀಡ್ ಲಾಕ್ ಬಿಡಬೇಕು. ಆ ಸಿಪಿಯು ಕತೆ ಮುಗಿಯಿತು.

ಇಂಟರಪ್ಟ್ ಬೇರೆ ಸಿಪಿಯುಗೆ ಬಂದರೆ ಏನೂ ಆಗುವುದಿಲ್ಲ. ಸ್ವಲ್ಪ ಕಾದು ಮುಂದೆ ಹೋಗುತ್ತದೆ. ಅದಕ್ಕೇ ಈ ತಪ್ಪು ಮೇಜಿನ ಮೇಲೆ ಸಿಗುವುದಿಲ್ಲ, "ಎರಡು ಮೂರು ದಿನಕ್ಕೊಮ್ಮೆ" ಸಿಗುತ್ತದೆ.

ನಿಯಮ ಹೀಗಿದೆ:

1. ಪ್ರೊಸೆಸ್ ಮತ್ತು ಹಾರ್ಡ್‌ಐಆರ್‌ಕ್ಯೂ ಹಂಚಿಕೊಂಡ ಡೇಟಾ: ಪ್ರೊಸೆಸ್ ಕಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್. ಹ್ಯಾಂಡ್ಲರ್ ಒಳಗೆ ಬರೀ ಸ್ಪಿನ್_ಲಾಕ್ ಸಾಕು.
2. ಪ್ರೊಸೆಸ್ ಮತ್ತು ಸಾಫ್ಟ್‌ಐಆರ್‌ಕ್ಯೂ: ಪ್ರೊಸೆಸ್ ಕಡೆ ಸ್ಪಿನ್_ಲಾಕ್_ಬಿಎಚ್. ಟೈಮರ್ ಒಳಗೆ ಬರೀ ಸ್ಪಿನ್_ಲಾಕ್.
3. ಸಾಫ್ಟ್‌ಐಆರ್‌ಕ್ಯೂ ಮತ್ತು ಹಾರ್ಡ್‌ಐಆರ್‌ಕ್ಯೂ: ಸಾಫ್ಟ್‌ಐಆರ್‌ಕ್ಯೂ ಕಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್.

ಸ್ಪಿನ್_ಲಾಕ್_ಐಆರ್‌ಕ್ಯೂ ಅನ್ನುವ ಇನ್ನೊಂದು ರೂಪವಿದೆ. ಅದರ ಅನ್‌ಲಾಕ್ ಕಣ್ಣುಮುಚ್ಚಿ ಇಂಟರಪ್ಟ್‌ಗಳನ್ನು ಆನ್ ಮಾಡುತ್ತದೆ. ನಿಮ್ಮನ್ನು ಕರೆದವರು ಮೊದಲೇ ಇಂಟರಪ್ಟ್ ಆಫ್ ಮಾಡಿದ್ದರೆ ಅವರ ಕಾವಲು ನಿಮ್ಮಿಂದ ಒಡೆಯುತ್ತದೆ. ಖಾತ್ರಿ ಇಲ್ಲದಿದ್ದರೆ ಐಆರ್‌ಕ್ಯೂಸೇವ್ ರೂಪವೇ ಇರಲಿ.

ಐಆರ್‌ಕ್ಯೂಸೇವ್‌ಗೆ ಕೊಡುವ ಫ್ಲ್ಯಾಗ್ಸ್ ಅನ್‌ಸೈನ್ಡ್ ಲಾಂಗ್ ಆಗಿರಬೇಕು, ಆ ಫಂಕ್ಷನ್‌ನ ಲೋಕಲ್ ವೇರಿಯಬಲ್ ಆಗಿರಬೇಕು. ಅದನ್ನು ಡ್ರೈವರ್‌ನ ಸ್ಟ್ರಕ್ಟ್‌ನಲ್ಲಿ ಇಟ್ಟರೆ, ಇನ್ನೊಂದು ಸಿಪಿಯು ನಿಮ್ಮ ಬೆಲೆಯ ಮೇಲೆ ತನ್ನ ಬೆಲೆ ಬರೆದುಬಿಡಬಹುದು.

## ಹಂತ 6: ಲಾಕ್ ಒಳಗೆ ಏನು ಮಾಡಬಾರದು

ಸ್ಪಿನ್‌ಲಾಕ್ ಹಿಡಿದಿರುವಾಗ ಇವು ಬೇಡ: ಮ್ಯೂಟೆಕ್ಸ್_ಲಾಕ್, ಎಂಸ್ಲೀಪ್, ವೇಟ್_ಈವೆಂಟ್, ಕಾಪಿ_ಟು_ಯೂಸರ್, ಕಾಪಿ_ಫ್ರಮ್_ಯೂಸರ್, ಮತ್ತು ಜಿಎಫ್‌ಪಿ_ಕರ್ನಲ್ ಕೊಟ್ಟು ಕೆಮಾಲಕ್.

ಕೊನೆಯದು ತುಂಬ ಮೋಸ ಮಾಡುತ್ತದೆ. ಮೆಮೊರಿ ಸಾಕಷ್ಟಿದ್ದಾಗ ಜಿಎಫ್‌ಪಿ_ಕರ್ನಲ್ ನಿದ್ದೆ ಮಾಡದೆಯೇ ಕೊಟ್ಟುಬಿಡುತ್ತದೆ. ತಿಂಗಳುಗಟ್ಟಲೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮೆಮೊರಿ ಕಡಿಮೆಯಾದ ದಿನ ಅದು ಬೇರೆ ಕಡೆಯಿಂದ ಹೊಂದಿಸಲು ಹೋಗಿ ಮಲಗುತ್ತದೆ. ಡೀಬಗ್_ಅಟಾಮಿಕ್_ಸ್ಲೀಪ್ ಆನ್ ಇದ್ದರೆ ಮೊದಲ ಕರೆಯಲ್ಲೇ ಸಿಕ್ಕಿಬೀಳುತ್ತದೆ. ಜಿಎಫ್‌ಪಿ_ಅಟಾಮಿಕ್ ಬಳಸಬಹುದು ನಿಜ. ಆದರೆ ಅದಕ್ಕಿಂತ ಲಾಕ್ ಹಿಡಿಯುವ ಮುಂಚೆಯೇ ಮೆಮೊರಿ ತೆಗೆದಿಟ್ಟುಕೊಳ್ಳುವುದು ಮೇಲು.

ಹಾಗಾದರೆ ರೀಡ್ ಬರೆಯುವುದು ಹೇಗೆ? ಡೇಟಾ ಇರುವುದು ಸ್ಪಿನ್‌ಲಾಕ್ ಒಳಗೆ, ಬಳಕೆದಾರರಿಗೆ ಕಾಪಿ ಮಾಡಬೇಕಾದದ್ದು ಹೊರಗೆ. ನಾನು ಮಾಡುವ ಕ್ರಮ ಇದು:

1. ವೇಟ್_ಈವೆಂಟ್_ಇಂಟರಪ್ಟಿಬಲ್‌ನಲ್ಲಿ ಡೇಟಾ ಬರುವವರೆಗೆ ಕಾಯಿರಿ. ಈಗ ಯಾವ ಲಾಕೂ ಕೈಯಲ್ಲಿ ಇರಬಾರದು. ಒಳಗಿನ ಷರತ್ತಿನಲ್ಲಿ ಹೆಡ್, ಟೇಲ್‌ಗಳನ್ನು ರೀಡ್_ಒನ್ಸ್‌ನಿಂದ ಓದಿ, ಬರೆಯುವ ಕಡೆ ರೈಟ್_ಒನ್ಸ್ ಇರಲಿ.
2. ಓದುಗರಿಗೆಂದೇ ಇಟ್ಟ ಮ್ಯೂಟೆಕ್ಸ್ ಹಿಡಿಯಿರಿ. ಇದನ್ನು ರೀಡ್ ಮ್ಯೂಟೆಕ್ಸ್ ಅನ್ನೋಣ.
3. ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಹಿಡಿದು ಡೇಟಾ ಇನ್ನೂ ಇದೆಯಾ ಅಂತ ಮತ್ತೆ ನೋಡಿ. ನೀವು ಎಚ್ಚರವಾಗಿ ಬರುವಷ್ಟರಲ್ಲಿ ಇನ್ನೊಬ್ಬ ಓದುಗ ಖಾಲಿ ಮಾಡಿರಬಹುದು. ಖಾಲಿ ಇದ್ದರೆ ಎರಡೂ ಬಿಟ್ಟು 1ಕ್ಕೆ ಹೋಗಿ.
4. 64 ಬೈಟ್‌ವರೆಗೆ ಸ್ಟಾಕ್ ಮೇಲಿನ ಚಿಕ್ಕ ಬಫರ್‌ಗೆ ಕಾಪಿ ಮಾಡಿ. ಟೇಲ್ ಈಗಲೇ ಸರಿಸಬೇಡಿ. ಸ್ಪಿನ್‌ಲಾಕ್ ಬಿಡಿ.
5. ಕಾಪಿ_ಟು_ಯೂಸರ್ ಮಾಡಿ. ಅದು ಸೋತರೆ ಮ್ಯೂಟೆಕ್ಸ್ ಬಿಟ್ಟು ದೋಷ ವಾಪಸ್ ಕೊಡಿ. ಬೈಟ್‌ಗಳು ರಿಂಗ್‌ನಲ್ಲೇ ಇವೆ, ಕಳೆದುಹೋಗಿಲ್ಲ.
6. ಗೆದ್ದರೆ ಮತ್ತೆ ಸ್ಪಿನ್‌ಲಾಕ್ ಹಿಡಿದು ಟೇಲ್ ಸರಿಸಿ, ಬಿಡಿ. ಕೊನೆಗೆ ಮ್ಯೂಟೆಕ್ಸ್ ಬಿಡಿ.

ಮ್ಯೂಟೆಕ್ಸ್ ಇರುವುದರಿಂದ 4 ಮತ್ತು 6ರ ನಡುವೆ ಇನ್ನೊಬ್ಬ ಓದುಗ ಬರುವುದಿಲ್ಲ. ಹ್ಯಾಂಡ್ಲರ್ ಹೆಡ್ ಮಾತ್ರ ಸರಿಸುತ್ತದೆ. ಆದರೆ ನಮ್ಮ ರೀಸೆಟ್ ವರ್ಕ್ ಟೇಲನ್ನೂ ಸೊನ್ನೆ ಮಾಡುತ್ತದೆ, ನೆನಪಿದೆಯಲ್ವಾ? ಹಾಗಾಗಿ ಅದೂ ರೀಡ್ ಮ್ಯೂಟೆಕ್ಸ್ ಹಿಡಿಯಬೇಕು. ಎರಡನೇ ಹಂತದ ಪಟ್ಟಿ ಇಲ್ಲದಿದ್ದರೆ ಇದನ್ನು ಮರೆತೇಬಿಡುತ್ತಿದ್ದೆವು.

ಇದೇ ಕಡೆ ಆಗುವ ಇನ್ನೊಂದು ತಪ್ಪು: ಮಧ್ಯದಲ್ಲಿ ದೋಷ ಬಂದು ರಿಟರ್ನ್ ಮಾಡುವಾಗ ಲಾಕ್ ಬಿಡಲು ಮರೆಯುವುದು. ಹೊರಗೆ ಹೋಗುವ ಬಾಗಿಲು ಒಂದೇ ಇರಲಿ, ಗೋಟು ಮಾಡಿ ಅಲ್ಲಿಗೇ ಬನ್ನಿ. ಕರ್ನಲ್ 6.5 ಅಥವಾ ಹೊಸದಾದರೆ ಗಾರ್ಡ್ ಮತ್ತು ಸ್ಕೋಪ್ಡ್_ಗಾರ್ಡ್ ಬಳಸಬಹುದು. ಆವರಣದಿಂದ ಹೊರಬಿದ್ದ ಕೂಡಲೇ ಲಾಕ್ ತಾನಾಗಿಯೇ ಬಿಡುತ್ತದೆ.

## ಹಂತ 7: ಲಾಕ್‌ಗಳಿಗೆ ಒಂದು ಕ್ರಮ ಕೊಡಿ, ಬರೆದಿಡಿ

ನಮ್ಮಲ್ಲೀಗ ಮೂರು ಲಾಕ್ ಇವೆ. ಕ್ರಮ: ಮೊದಲು ಕಾನ್ಫಿಗ್ ಮ್ಯೂಟೆಕ್ಸ್ (ಸ್ಯಾಂಪಲ್ ವೇಗವನ್ನು ಕಾಯುವುದು), ನಂತರ ರೀಡ್ ಮ್ಯೂಟೆಕ್ಸ್, ಕೊನೆಗೆ ರಿಂಗ್ ಸ್ಪಿನ್‌ಲಾಕ್. ಎಲ್ಲ ಫಂಕ್ಷನ್‌ಗಳೂ ಈ ಕ್ರಮದಲ್ಲೇ ಹಿಡಿಯಬೇಕು. ಒಬ್ಬ ಮೊದಲನೆಯದನ್ನು ಹಿಡಿದು ಎರಡನೆಯದಕ್ಕೆ, ಇನ್ನೊಬ್ಬ ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾದರೆ ಇಬ್ಬರೂ ಅಲ್ಲೇ ಉಳಿಯುತ್ತಾರೆ.

ಈ ಕ್ರಮವನ್ನು ಫೈಲ್‌ನ ತಲೆಯಲ್ಲಿ ಕಾಮೆಂಟ್ ಆಗಿ ಬರೆಯಿರಿ. ಕರ್ನಲ್‌ನ ಮೆಮೊರಿ ವಿಭಾಗದಲ್ಲಿ ಫೈಲ್‌ಮ್ಯಾಪ್ ಮತ್ತು ಆರ್‌ಮ್ಯಾಪ್ ಫೈಲ್‌ಗಳ ಆರಂಭದಲ್ಲಿ ಇಂಥ ಉದ್ದನೆಯ ಕಾಮೆಂಟ್‌ಗಳಿವೆ. ಒಮ್ಮೆ ತೆಗೆದು ನೋಡಿ. ಜೊತೆಗೆ "ಈ ಫಂಕ್ಷನ್ ಕರೆಯುವಾಗ ಲಾಕ್ ಹಿಡಿದಿರಬೇಕು" ಅನ್ನುವ ಕಡೆಯೆಲ್ಲ ಲಾಕ್‌ಡೆಪ್_ಅಸರ್ಟ್_ಹೆಲ್ಡ್ ಹಾಕಿ. ಕಾಮೆಂಟ್ ಹಳೆಯದಾಗಬಹುದು, ಇದು ಓಡುವಾಗಲೇ ಪರೀಕ್ಷಿಸುತ್ತದೆ.

ಕಣ್ಣಿಗೆ ಕಾಣದ ಲಾಕ್‌ಗಳೂ ಇವೆ. ಕಾಪಿ_ಟು_ಯೂಸರ್ ನಡುವೆ ಪೇಜ್ ಫಾಲ್ಟ್ (ಬೇಕಾದ ಪುಟ ಮೆಮೊರಿಯಲ್ಲಿ ಸಿಗದಿರುವುದು) ಬಂದರೆ ಕರ್ನಲ್ ಆ ಪ್ರೊಸೆಸ್‌ನ ಎಂಮ್ಯಾಪ್_ಲಾಕ್ (ಅದರ ಮೆಮೊರಿ ನಕ್ಷೆ ಕಾಯುವ ಲಾಕ್) ಹಿಡಿಯಬಹುದು. ನಮ್ಮ ರೀಡ್‌ನಲ್ಲಿ ಕ್ರಮ: ರೀಡ್ ಮ್ಯೂಟೆಕ್ಸ್, ಆಮೇಲೆ ಎಂಮ್ಯಾಪ್_ಲಾಕ್. ನಾಳೆ ನೀವು ಡ್ರೈವರ್‌ಗೆ ಎಂಮ್ಯಾಪ್ ಸೌಲಭ್ಯ (ಡ್ರೈವರ್‌ನ ಮೆಮೊರಿಯನ್ನು ಪ್ರೋಗ್ರಾಂಗೆ ನೇರ ತೋರಿಸುವುದು) ಸೇರಿಸಿ, ಅದರ ಒಳಗೆ ರೀಡ್ ಮ್ಯೂಟೆಕ್ಸ್ ಹಿಡಿದರೆ ಕ್ರಮ ಉಲ್ಟಾ ಆಗುತ್ತದೆ, ಏಕೆಂದರೆ ಎಂಮ್ಯಾಪ್ ಫಂಕ್ಷನ್ ಕರೆಯುವಾಗಲೇ ಎಂಮ್ಯಾಪ್_ಲಾಕ್ ಹಿಡಿದಿರುತ್ತದೆ. ನಿಮ್ಮ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಎರಡನೇ ಲಾಕ್ ಕಾಣುವುದಿಲ್ಲ. ಲಾಕ್‌ಡೆಪ್‌ಗೆ ಕಾಣುತ್ತದೆ.

ಒಂದೇ ಬಗೆಯ ಎರಡು ಲಾಕ್ ಹಿಡಿಯಬೇಕಾದಾಗ, ಉದಾಹರಣೆಗೆ ಎರಡು ಬೋರ್ಡ್‌ಗಳ ನಡುವೆ ಡೇಟಾ ಸಾಗಿಸುವಾಗ, ವಿಳಾಸ ಚಿಕ್ಕದಿರುವುದನ್ನು ಮೊದಲು ಹಿಡಿಯಿರಿ. ಲಾಕ್‌ಡೆಪ್ ಲಾಕ್‌ಗಳನ್ನು ಒಂದೊಂದಾಗಿ ನೋಡುವುದಿಲ್ಲ, ಎಲ್ಲಿ ಇನಿಶಿಯಲೈಸ್ ಆದವು ಅನ್ನುವುದರ ಮೇಲೆ ಗುಂಪಾಗಿ ನೋಡುತ್ತದೆ. ಆದ್ದರಿಂದ ಎರಡನೆಯದಕ್ಕೆ ಮ್ಯೂಟೆಕ್ಸ್_ಲಾಕ್_ನೆಸ್ಟೆಡ್ ಬಳಸಿ ಅದಕ್ಕೆ ತಿಳಿಸಬೇಕು. ದೂರು ಬಾಯಿಮುಚ್ಚಿಸಲು ಮಾತ್ರ ಇದನ್ನು ಹಾಕಬೇಡಿ. ಕ್ರಮ ನಿಜವಾಗಿಯೂ ಇದ್ದಾಗ ಮಾತ್ರ ಹಾಕಿ.

## ಹಂತ 8: ಡ್ರೈವರ್ ಮುಚ್ಚುವ ದಾರಿ

ಲಾಕ್ ಎಲ್ಲ ಸರಿ ಇದ್ದರೂ ಕ್ರ್ಯಾಶ್ ಆಗುವ ಜಾಗ ಇದು. ಲಾಕ್ ಡೇಟಾವನ್ನು ಕಾಯುತ್ತದೆ, ಡೇಟಾ ಬದುಕಿದೆಯಾ ಅನ್ನುವುದನ್ನು ಕಾಯುವುದಿಲ್ಲ. ಲಾಕೇ ಇರುವ ಮೆಮೊರಿ ಫ್ರೀ ಆದ ಮೇಲೆ ಯಾರಾದರೂ ಅದನ್ನು ಹಿಡಿಯಲು ಬಂದರೆ?

ನಮ್ಮ ಡ್ರೈವರ್‌ನ ರಿಮೂವ್ ಕ್ರಮ:

1. ಹೊಸಬರು ಒಳಗೆ ಬರದಂತೆ ಡಿವೈಸ್ ನೋಂದಣಿ ತೆಗೆಯಿರಿ.
2. ಬೋರ್ಡ್‌ನಲ್ಲೇ ಇಂಟರಪ್ಟ್ ಆಫ್ ಮಾಡಿ.
3. ಫ್ರೀ_ಐಆರ್‌ಕ್ಯೂ ಕರೆಯಿರಿ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಇದು ಕಾಯುತ್ತದೆ.
4. ಟೈಮರ್_ಶಟ್‌ಡೌನ್_ಸಿಂಕ್. ಇದು ಕರ್ನಲ್ 6.2ರಿಂದ ಇದೆ. ಇದಾದ ಮೇಲೆ ಯಾರು ಟೈಮರ್ ಮತ್ತೆ ಹಚ್ಚಲು ನೋಡಿದರೂ ಅದು ಏಳುವುದಿಲ್ಲ.
5. ಕ್ಯಾನ್ಸಲ್_ವರ್ಕ್_ಸಿಂಕ್.
6. ಆಮೇಲೆ ಮೆಮೊರಿ.

4 ಮತ್ತು 5 ಅದಲುಬದಲಾದರೆ, ವರ್ಕ್ ರದ್ದು ಮಾಡಿದ ಮರುಕ್ಷಣ ಟೈಮರ್ ಎದ್ದು ಅದನ್ನು ಮತ್ತೆ ಹಚ್ಚುತ್ತದೆ. ಕೆಲಸ ಹಚ್ಚುವವನನ್ನು ಮೊದಲು ನಿಲ್ಲಿಸಬೇಕು, ಕೆಲಸವನ್ನು ನಂತರ.

ವರ್ಷಗಳ ಹಿಂದೆ ನಾನು ಬರೆದ ಒಂದು ಡ್ರೈವರ್‌ನಲ್ಲಿ ಕ್ಯಾನ್ಸಲ್_ವರ್ಕ್_ಸಿಂಕ್ ಅನ್ನು ಮ್ಯೂಟೆಕ್ಸ್ ಹಿಡಿದುಕೊಂಡೇ ಕರೆದಿದ್ದೆ. ವರ್ಕ್ ಫಂಕ್ಷನ್‌ಗೂ ಅದೇ ಮ್ಯೂಟೆಕ್ಸ್ ಬೇಕಿತ್ತು. ರಿಮೂವ್ ವರ್ಕ್ ಮುಗಿಯಲಿ ಅಂತ ಕಾಯಿತು, ವರ್ಕ್ ಮ್ಯೂಟೆಕ್ಸ್ ಸಿಗಲಿ ಅಂತ ಕಾಯಿತು. ನನ್ನ ಮೇಜಿನಲ್ಲಿ ಒಮ್ಮೆಯೂ ಆಗಲಿಲ್ಲ, ವರ್ಕ್ ಓಡುತ್ತಿರುವಾಗಲೇ ಮಾಡ್ಯೂಲ್ ತೆಗೆದರೆ ಮಾತ್ರ ಆಗುತ್ತಿತ್ತು. ಹುಡುಕಲು ಎರಡು ದಿನ ಹೋಯಿತು. ಹೆಸರಿನ ಕೊನೆಗೆ ಸಿಂಕ್ ಅಂತ ಇರುವ ಯಾವ ಫಂಕ್ಷನ್ ಕಂಡರೂ ಅಂದಿನಿಂದ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಯಾರಿಗಾಗಿ ಕಾಯುತ್ತದೆ, ಅವರಿಗೆ ಬೇಕಾದ ಲಾಕ್ ನನ್ನ ಕೈಯಲ್ಲಿದೆಯಾ?

ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ ಬಳಸಿದವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಇಂಟರಪ್ಟ್ ತೆಗೆಯುವುದು ರಿಮೂವ್ ಮುಗಿದ ಮೇಲೆ. ರಿಮೂವ್ ಒಳಗೆ ನೀವೇ ಕೆಫ್ರೀ ಮಾಡಿದ್ದರೆ, ಆ ನಡುವೆ ಬಂದ ಇಂಟರಪ್ಟ್ ಸತ್ತ ಮೆಮೊರಿ ಮುಟ್ಟುತ್ತದೆ.

ಯುಎಸ್‌ಬಿ ತರಹ ಕಿತ್ತು ತೆಗೆಯಬಹುದಾದ ಸಾಧನವಾದರೆ ಫೈಲ್ ತೆರೆದಿರುವಾಗಲೇ ರಿಮೂವ್ ಬರಬಹುದು. ಅಂಥ ಕಡೆ ಕೆರೆಫ್ (ಬಳಸುತ್ತಿರುವವರ ಎಣಿಕೆ) ಬೇಕು. ಓಪನ್‌ನಲ್ಲಿ ಒಂದು ಎಣಿಕೆ ಏರಿಸಿ, ರಿಲೀಸ್‌ನಲ್ಲಿ ಇಳಿಸಿ. ಕೊನೆಯವನು ಹೋದಾಗ ಮಾತ್ರ ಮೆಮೊರಿ ಬಿಡಿ.

## ಹಂತ 9: ಎಚ್ಚರಿಕೆ ಸಂದೇಶ ಓದಲು ಕಲಿಯಿರಿ

"ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್". ಆರನೇ ಹಂತದ ತಪ್ಪು. ಕೆಳಗೆ ಇನ್_ಅಟಾಮಿಕ್ ಮತ್ತು ಐಆರ್‌ಕ್ಯೂಸ್_ಡಿಸೇಬಲ್ಡ್ ಬೆಲೆ ಕೊಟ್ಟಿರುತ್ತದೆ. ಸ್ಟಾಕ್‌ನಲ್ಲಿ ನಿಮ್ಮ ಫಂಕ್ಷನ್ ಹುಡುಕಿ, ಅದರ ಮೇಲೆ ಯಾವ ಸ್ಪಿನ್‌ಲಾಕ್ ಹಿಡಿದಿದ್ದೀರಿ ನೋಡಿ.

"ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್". ಐದನೇ ಹಂತದ ತಪ್ಪು. ಈ ಲಾಕನ್ನು ಒಮ್ಮೆ ಇಂಟರಪ್ಟ್ ಒಳಗೆ ಹಿಡಿದಿರಿ, ಇನ್ನೊಮ್ಮೆ ಇಂಟರಪ್ಟ್ ಆನ್ ಇರುವಾಗ ಹಿಡಿದಿರಿ ಅಂತ ಅರ್ಥ. ಮಷೀನ್ ಇನ್ನೂ ಹ್ಯಾಂಗ್ ಆಗಿರುವುದಿಲ್ಲ. ಆಗುವ ಮುನ್ನವೇ ಹೇಳುತ್ತಿದೆ.

"ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ ಡಿಟೆಕ್ಟೆಡ್". ಏಳನೇ ಹಂತ. ಉದ್ದನೆಯ ವರದಿ ನೋಡಿ ಹೆದರಬೇಡಿ. ಎರಡು ಸಿಪಿಯುಗಳ ಚಿಕ್ಕ ಚಿತ್ರವೊಂದು ನಡುವೆ ಇರುತ್ತದೆ. ಅದನ್ನು ಮೊದಲು ಓದಿ, ಆಮೇಲೆ ಸ್ಟಾಕ್‌ಗಳನ್ನು ಓದಿ.

"ಸಾಫ್ಟ್ ಲಾಕಪ್". ಒಂದು ಸಿಪಿಯು ಮಾಮೂಲಿಯಾಗಿ 20 ಸೆಕೆಂಡಿಗಿಂತ ಜಾಸ್ತಿ ಯಾರಿಗೂ ಬಿಟ್ಟುಕೊಟ್ಟಿಲ್ಲ. ಸ್ಪಿನ್‌ಲಾಕ್‌ಗೆ ಸಿಕ್ಕಿಕೊಂಡಿದೆಯಾ ನೋಡಿ.

"ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್". ಇದು ಮಲಗಿ ಏಳದ ಟಾಸ್ಕ್. ಮ್ಯೂಟೆಕ್ಸ್ ಅಥವಾ ಕಂಪ್ಲೀಶನ್ ಕಡೆ ಹುಡುಕಿ.

ಮಷೀನ್ ಅರೆಜೀವವಾಗಿದ್ದರೆ ಸಿಸ್‌ಆರ್‌ಕ್ಯೂ (ಕರ್ನಲ್‌ಗೆ ನೇರ ಆದೇಶ ಕೊಡುವ ಕೀ) ಬಳಸಿ. ‘ಡಿ’ ಒತ್ತಿದರೆ ಯಾರು ಯಾವ ಲಾಕ್ ಹಿಡಿದಿದ್ದಾರೆ ಅಂತ ಬರುತ್ತದೆ, ಲಾಕ್‌ಡೆಪ್ ಇರುವ ಕರ್ನಲ್‌ನಲ್ಲಿ ಮಾತ್ರ. ‘ಡಬ್ಲ್ಯೂ’ ಒತ್ತಿದರೆ ಸಿಕ್ಕಿಕೊಂಡ ಟಾಸ್ಕ್‌ಗಳು. ‘ಎಲ್’ ಒತ್ತಿದರೆ ಪ್ರತಿ ಸಿಪಿಯು ಈಗ ಎಲ್ಲಿದೆ ಅಂತ.

## ಹಂತ 10: ಬೇಕೆಂದೇ ಜಗ್ಗಿ ನೋಡಿ

ಒಂದು ಪ್ರೋಗ್ರಾಂ ಒಮ್ಮೆ ರೀಡ್ ಮಾಡಿ ಸರಿ ಬಂದರೆ ಅದು ಪರೀಕ್ಷೆ ಆಗಲಿಲ್ಲ. ಎಂಟು ಓದುಗರನ್ನು ಒಟ್ಟಿಗೆ ಬಿಡಿ. ಇನ್ನೆರಡು ಪ್ರೋಗ್ರಾಂ ಬಿಡುವಿಲ್ಲದೆ ಐಆಕ್ಟಲ್ ಮಾಡಲಿ. ಓದುಗರಿಗೆ ಸಿಗ್ನಲ್ ಕಳಿಸುತ್ತಾ ಇರಿ, ವೇಟ್_ಈವೆಂಟ್_ಇಂಟರಪ್ಟಿಬಲ್‌ನಿಂದ ಹೊರಬರುವ ದಾರಿಯೂ ಓಡಬೇಕು. ಬೇರೆ ಸುತ್ತಿನಲ್ಲಿ ಮಾಡ್ಯೂಲ್ ಹಾಕುವುದು, ತೆಗೆಯುವುದು ನೂರು ಸಲ ಮಾಡಿ. ಮೆಮೊರಿ ಕಡಿಮೆ ಕೊಟ್ಟು ಒಂದು ಸುತ್ತು ಓಡಿಸಿ.

ಓಡದ ದಾರಿಯ ಬಗ್ಗೆ ಲಾಕ್‌ಡೆಪ್ ಏನೂ ಹೇಳಲಾರದು. ಅದಕ್ಕೇ ದೋಷದ ದಾರಿಗಳನ್ನು ಬಲವಂತವಾಗಿ ಓಡಿಸಬೇಕು.

ಇಷ್ಟೆಲ್ಲ ಶುದ್ಧವಾದ ಮೇಲೆ ಕೆಸಿಸ್ಯಾನ್ ಬಿಲ್ಡ್‌ನಲ್ಲಿ ಮತ್ತೊಮ್ಮೆ ಓಡಿಸಿ. ಅದು ಸಾಮಾನ್ಯವಾಗಿ ಎರಡನೇ ಹಂತದಲ್ಲಿ ನೀವು ಬರೆಯಲು ಮರೆತ ಸಾಲನ್ನು ತೋರಿಸುತ್ತದೆ.

## ವೇಗ ಸಾಲದಿದ್ದರೆ ಮಾತ್ರ: ಆರ್‌ಸಿಯು

ಮೊದಲು ಲಾಕ್_ಸ್ಟ್ಯಾಟ್ ಆನ್ ಮಾಡಿ ಅಳೆಯಿರಿ. ಯಾವ ಲಾಕ್‌ಗೆ ಎಷ್ಟು ಜನ ಕಾದರು, ಎಷ್ಟು ಹೊತ್ತು ಅಂತ ಪ್ರಾಕ್ ಅಡಿಯ ಫೈಲ್‌ನಲ್ಲಿ ಸಿಗುತ್ತದೆ. ಕಾಯುವಿಕೆ ನಿಜವಾಗಿಯೂ ಇದ್ದು, ಓದುಗರು ತುಂಬ ಇದ್ದು, ಬದಲಾವಣೆ ಅಪರೂಪವಾಗಿದ್ದರೆ ಆರ್‌ಸಿಯು (ಓದುಗರು ಲಾಕ್‌ಗೆ ಕಾಯದೆ ಓದುವ ಪದ್ಧತಿ) ಯೋಚಿಸಿ.

ಓದುಗರು ಆರ್‌ಸಿಯು_ರೀಡ್_ಲಾಕ್ ಮತ್ತು ಅನ್‌ಲಾಕ್ ನಡುವೆ ಆರ್‌ಸಿಯು_ಡಿರೆಫರೆನ್ಸ್‌ನಿಂದ ಪಾಯಿಂಟರ್ ಓದುತ್ತಾರೆ. ಬರೆಯುವವನು ಹೊಸ ಪ್ರತಿ ಪೂರ್ತಿ ತಯಾರು ಮಾಡಿ ಆರ್‌ಸಿಯು_ಅಸೈನ್_ಪಾಯಿಂಟರ್‌ನಿಂದ ಬದಲಿಸುತ್ತಾನೆ. ಹಳೆಯದನ್ನು ಕೂಡಲೇ ಬಿಡುವುದಿಲ್ಲ. ಸಿಂಕ್ರೊನೈಸ್_ಆರ್‌ಸಿಯು ಕರೆದು, ಹಳೆಯ ಓದುಗರೆಲ್ಲ ಹೋದ ಮೇಲೆ ಬಿಡುತ್ತಾನೆ. ಅಥವಾ ಕೆಫ್ರೀ_ಆರ್‌ಸಿಯುಗೆ ಒಪ್ಪಿಸುತ್ತಾನೆ.

ಮೂರು ತಪ್ಪುಗಳು ಮಾತ್ರ ನೆನಪಿರಲಿ. ಬರೆಯುವವರು ಇಬ್ಬರಿದ್ದರೆ ಅವರ ನಡುವೆ ಲಾಕ್ ಬೇಕೇ ಬೇಕು, ಆರ್‌ಸಿಯು ಅದನ್ನು ನೋಡಿಕೊಳ್ಳುವುದಿಲ್ಲ. ಆರ್‌ಸಿಯು_ರೀಡ್_ಅನ್‌ಲಾಕ್ ಆದ ಮೇಲೆ ಆ ಪಾಯಿಂಟರ್ ನಿಮ್ಮದಲ್ಲ; ಮುಂದೆಯೂ ಬೇಕಿದ್ದರೆ ಒಳಗಿರುವಾಗಲೇ ಎಣಿಕೆ ಏರಿಸಿಕೊಳ್ಳಿ. ಮತ್ತು ಸಿಂಕ್ರೊನೈಸ್_ಆರ್‌ಸಿಯು ಮಲಗುತ್ತದೆ. ಅದನ್ನು ಸ್ಪಿನ್‌ಲಾಕ್ ಒಳಗೆ ಕರೆಯುವಂತಿಲ್ಲ, ಆರ್‌ಸಿಯು_ರೀಡ್_ಲಾಕ್ ಒಳಗೆ ಕರೆದರೆ ನಿಮ್ಮನ್ನೇ ನೀವು ಕಾಯುತ್ತಾ ನಿಲ್ಲುತ್ತೀರಿ.

ರಿಯಲ್-ಟೈಮ್ ಕರ್ನಲ್ ಬಳಸುವವರಿಗೆ ಇನ್ನೊಂದು ವಿಷಯ. ಪ್ರಿಎಂಪ್ಟ್_ಆರ್‌ಟಿ ಆಯ್ಕೆ 2024ರಲ್ಲಿ ಬಂದ 6.12ರಿಂದ ಮುಖ್ಯ ಕರ್ನಲ್‌ನಲ್ಲೇ ಇದೆ. ಅದರಲ್ಲಿ ಮಾಮೂಲಿ ಸ್ಪಿನ್‌ಲಾಕ್ ಮಲಗಬಲ್ಲ ಲಾಕ್ ಆಗಿಬಿಡುತ್ತದೆ, ರಾ_ಸ್ಪಿನ್‌ಲಾಕ್ ಮಾತ್ರ ನಿಜವಾಗಿ ತಿರುಗುತ್ತದೆ. ಆದ್ದರಿಂದ ಲೋಕಲ್_ಐಆರ್‌ಕ್ಯೂ_ಡಿಸೇಬಲ್ ಅನ್ನೇ ಲಾಕ್ ತರಹ ಬಳಸಿ, ಅದರೊಳಗೆ ಮಾಮೂಲಿ ಸ್ಪಿನ್‌ಲಾಕ್ ಹಿಡಿದ ಕೋಡ್ ಅಲ್ಲಿ ಒಡೆಯುತ್ತದೆ. ನಿಮ್ಮ ಡ್ರೈವರ್‌ನಲ್ಲಿ ಆ ಹೆಸರು ಕಂಡರೆ, ಅದು ಯಾವ ಡೇಟಾಗಾಗಿ ಇದೆ ಅಂತ ಪತ್ತೆ ಮಾಡಿ, ಆ ಡೇಟಾಗೆ ಒಂದು ಸರಿಯಾದ ಸ್ಪಿನ್‌ಲಾಕ್ ಕೊಡಿ.